ಕವಿಮನೆಯಿಂದ ಕವಿಶೈಲಕ್ಕೆ ಕಾಲ್ನಡಿಗೆಯಲ್ಲಿ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಕುಪ್ಪಳಿಗೆ ಬರುವವರಲ್ಲಿ ಹೆಚ್ಚಿನವರು ಕುವೆಂಪು ಅವರ ಕವಿಮನೆಯನ್ನು ನೋಡಿ, ಗುಡ್ಡದ ಮೇಲಿನ ಕವಿಶೈಲಕ್ಕೆ ವಾಹನದಲ್ಲೇ ಏರಿ, ಫೋಟೊ ತೆಗೆಸಿಕೊಂಡು ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಆದರೆ ಮನೆಯ ಬಳಿಯಿಂದ ಗುಡ್ಡದ ನೆತ್ತಿಗೆ ಕಾಲುದಾರಿಯೂ ಇದೆ. ಮಕ್ಕಳು, ವಯಸ್ಸಾದವರು ಅಲ್ಲಲ್ಲಿ ನಿಂತು ಸಾವಧಾನವಾಗಿ ಹತ್ತಿದರೂ ಆಯಾಸವೆನಿಸದಷ್ಟು ಚಿಕ್ಕ ದಾರಿ ಅದು. ಕುವೆಂಪು ಅವರನ್ನು ಓದಿದವರು ಅಲ್ಲಿ ನಡೆದೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಅವರ ಮಲೆನಾಡು ಕಾಲ್ನಡಿಗೆಯವರ ಮಲೆನಾಡು. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ಕಾಡುದಾರಿಯಲ್ಲಿ ಸಾಗುವಾಗ ಕಥೆಯೂ ಅವನ ಹೆಜ್ಜೆಯ ವೇಗದಲ್ಲೇ ಸಾಗುತ್ತದೆ. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ತಲುಪಲು ಎಷ್ಟು ಹೊತ್ತು ಬೇಕಿತ್ತು, ಕತ್ತಲಾಗುವುದರೊಳಗೆ ಗಟ್ಟದ ದಾರಿ ಮುಗಿಸಬೇಕೆಂಬ ಆತಂಕ ಎಂಥದ್ದು ಎಂಬುದು ಕಾರಿನ ಕಿಟಕಿಯಿಂದ ಅಷ್ಟಾಗಿ ತಿಳಿಯುವುದಿಲ್ಲ.

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ಈ ಮನೆಯಲ್ಲಿ. ಕುವೆಂಪು ಪ್ರತಿಷ್ಠಾನದವರು ಈಗ ಅದನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ನಡುವೆ ಅಂಗಳ, ಅದರಲ್ಲಿ ತುಳಸಿಕಟ್ಟೆ, ಸುತ್ತ ಜಗಲಿ, ದಪ್ಪ ಮರದ ಕಂಬಗಳು, ಮೇಲೆ ಉಪ್ಪರಿಗೆ. ಪ್ರಶಸ್ತಿಗಳನ್ನು ಇಟ್ಟಿರುವ ಕಡೆ ಜನ ಹೆಚ್ಚು ಸೇರುತ್ತಾರೆ. ನನಗೆ ಮಾತ್ರ ಹಳೆಯ ಪಾತ್ರೆಪಗಡಿ ಮತ್ತು ಬೇಸಾಯದ ಸಲಕರಣೆಗಳ ಮುಂದೆ ನಿಂತಷ್ಟೂ ಸಾಲದು. 'ಕಾನೂರು ಹೆಗ್ಗಡಿತಿ'ಯ ಅಡುಗೆಮನೆಯೂ ಕಣವೂ ಅಲ್ಲಿ ಮೂರ್ತವಾಗಿ ಕಾಣುತ್ತವೆ.

ಮನೆ ಬಿಟ್ಟು ಮೇಲೇರತೊಡಗಿದರೆ ಮರಗಳ ನೆರಳು ದಟ್ಟವಾಗುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲು ಜಾರುತ್ತದೆ, ರಕ್ತ ಹೀರುವ ಉಂಬಳಗಳ ಕಾಟವೂ ಇರುತ್ತದೆ. ತರಗೆಲೆಯ ಅಂಚಿನಲ್ಲಿ ದಾರದೆಳೆಯಂತೆ ನಿಗುರಿ, ನಮ್ಮ ಸುಳಿವು ಹಿಡಿದು ಅತ್ತಿತ್ತ ತೂಗಾಡುವ ಉಂಬಳವನ್ನು ಬಗ್ಗಿ ನೋಡಿದವರಿಗೆ, ಅದು ಪಾದಕ್ಕೆ ಹತ್ತಿದ್ದು ಗೊತ್ತೇ ಆಗದಿರುವುದು ಏಕೆಂದು ಅರ್ಥವಾಗುತ್ತದೆ. ಒಂದಿಷ್ಟು ಉಪ್ಪನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದರೆ ಸಾಕು. ನಡೆಯಲು ಹಿತವಾದ ಕಾಲವೆಂದರೆ ಮಳೆ ಹಿಂದೆಗೆದ ಮೇಲಿನ ತಿಂಗಳುಗಳು.

ನೆತ್ತಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಲಾವಿದ ಕೆ. ಟಿ. ಶಿವಪ್ರಸಾದ್ ಅವರ ಕಲ್ಪನೆಯಂತೆ ನಿಲ್ಲಿಸಿರುವ ಬೃಹತ್ ಶಿಲೆಗಳ ರಚನೆ. ಅದು ಈ ನೆಲದ್ದಲ್ಲವೆಂದು ಗೊಣಗುವವರನ್ನು ಕೇಳಿದ್ದೇನೆ. ಅಷ್ಟು ದೊಡ್ಡ ಆಕಾಶದ ಕೆಳಗೆ ಅದು ಒಪ್ಪುತ್ತದೆಂದೇ ನನಗನ್ನಿಸುತ್ತದೆ. ಆದರೂ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಹಾಸುಬಂಡೆಯ ಮೇಲೆ ಕೊರೆದ ಸಣ್ಣ ಅಕ್ಷರಗಳ ಬಳಿ. ಇಲ್ಲಿಗೆ ಬಂದಿದ್ದ ಬಿ. ಎಂ. ಶ್ರೀ ಮತ್ತು ಟಿ. ಎಸ್. ವೆಂಕಣ್ಣಯ್ಯನವರ ಹೆಸರುಗಳು ಕುವೆಂಪು ಹೆಸರಿನೊಡನೆ ಅಲ್ಲಿವೆ. ಮೈಸೂರಿನ ಮಹಾರಾಜಾ ಕಾಲೇಜಿನ ಗುರುಗಳನ್ನು ಶಿಷ್ಯನೊಬ್ಬ ತನ್ನ ಬಾಲ್ಯದ ಬಂಡೆಗೆ ಕರೆತಂದ ಹೆಮ್ಮೆ ಆ ಗೀಟುಗಳಲ್ಲಿದೆ. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಬಳಿಕ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಅವರಿಗೇ ಅರ್ಪಿತವಾಯಿತು. ಇದನ್ನು ತಿಳಿದು ಅಲ್ಲಿ ಕುಳಿತರೆ ಆ ಅರ್ಪಣೆಯ ಪದ್ಯಕ್ಕೆ ಬೇರೆಯದೇ ತೂಕ ಬರುತ್ತದೆ.

1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದ ಕವಿಯ ಅಂತ್ಯಸಂಸ್ಕಾರ ನಡೆದದ್ದೂ ಈ ಗುಡ್ಡದಲ್ಲೇ, ಸಮಾಧಿ ಇಲ್ಲಿದೆ. 2007ರಲ್ಲಿ ಅಗಲಿದ ಅವರ ಮಗ, ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲೇ ಇರುವುದರಿಂದ ಇಳಿದ ಮೇಲೆ ಅದನ್ನೂ ನೋಡಿಕೊಂಡು ಹೋಗಬಹುದು.

ಜೊತೆಗೆ ಯಾವ ಪುಸ್ತಕ ಒಯ್ಯಬೇಕೆಂದು ಕೇಳಿದರೆ, ದೊಡ್ಡ ಕಾದಂಬರಿಗಳನ್ನು ಮನೆಯಲ್ಲೇ ಬಿಟ್ಟು 'ಮಲೆನಾಡಿನ ಚಿತ್ರಗಳು' ತೆಗೆದುಕೊಂಡು ಹೋಗಿ ಎನ್ನುತ್ತೇನೆ. ಚೀಲಕ್ಕೆ ಭಾರವಾಗುವುದಿಲ್ಲ, ಅದರ ಒಂದು ಪ್ರಬಂಧವನ್ನು ಬಂಡೆಯ ಮೇಲೆ ಕುಳಿತು ಒಮ್ಮೆಗೇ ಓದಿ ಮುಗಿಸಬಹುದು, ಮತ್ತು ಅದರ ನಗೆ ಜೊತೆಯಲ್ಲಿ ಬಂದವರಿಗೆ ಗಟ್ಟಿಯಾಗಿ ಓದಿ ಹೇಳಲು ಹೇಳಿ ಮಾಡಿಸಿದಂತಿದೆ.