ಗಟ್ಟಿ ಶಾಕ್ ಹಾಕಿಕೊಟ್ಟು ನಾನು ಪೆಟ್ಟು ತಿಂದದ್ದು

ಹೋದ ವರ್ಷ ಜೂನ್ ತಿಂಗಳು, ಬಿಡದೆ ಮಳೆ. ಮುಳ್ಳೇರಿಯದ ನನ್ನ ವರ್ಕ್‌ಶಾಪಿನ ಎದುರು ಭಟ್ರ ಪಿಕಪ್ ಬಂದು ನಿಂತಿತು. ಹನ್ನೆರಡು ದಿನದ ಹಿಂದೆಯಷ್ಟೇ ಅದರ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್, ನಮ್ಮ ಬಾಯಲ್ಲಿ ಬರೀ ಶಾಕ್, ಹೊಸತು ಹಾಕಿ ಕಳಿಸಿದ್ದೆ. ಭಟ್ರು ಇಳಿದವರು ಮಾತಾಡಲಿಲ್ಲ. ಕೊಡೆ ಬಿಡಿಸಿಕೊಂಡು ಹಿಂದೆ ಹೋಗಿ, ಬಗ್ಗಿ, ಬೆರಳು ತೋರಿಸಿದರು. ಎಡಗಡೆ ಶಾಕಿನ ಮೇಲ್ತುದಿಯನ್ನು ಹಿಡಿದಿಡುವ ಬ್ರಾಕೆಟ್ ಚಾಸಿಯಿಂದ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನಿಂದ, ಅರ್ಧ ಕಿತ್ತು ಬಂದಿತ್ತು. ವೆಲ್ಡಿಂಗ್ ಬಿಟ್ಟ ಜಾಗದಲ್ಲಿ ಕಬ್ಬಿಣ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು, ತುಕ್ಕು ಹಿಡಿಯುವಷ್ಟು ಹೊತ್ತೂ ಆಗಿರಲಿಲ್ಲ.

“ಎಂತ ಮಾರಾಯ, ಶಾಕ್ ಹಾಕು ಅಂದರೆ ಗಾಡಿಯನ್ನೇ ಕೀಳುವಂಥದ್ದು ಹಾಕಿದ್ದೀಯಲ್ಲ?”

ನನಗೆ ಉತ್ತರ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಜೀಪಿನಿಂದ ಹಿಡಿದು ಟಿಪ್ಪರ್‌ವರೆಗೆ ಎಷ್ಟು ಶಾಕ್ ಬದಲಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಆರಿಸುವ ಕ್ರಮ ಮಾತ್ರ ನನಗೆ ಗೊತ್ತಿರಲಿಲ್ಲ ಅಂತ ಅವತ್ತು ಗೊತ್ತಾಯಿತು. ಹಳೆಯದು ಬಿಚ್ಚು, ಅದೇ ಮಾಡೆಲಿನದ್ದು ತರಿಸು, ಹಾಕು. ಮಾಲಕರು ‘ಸ್ವಲ್ಪ ಗಟ್ಟಿ ಇರಲಿ’ ಅಂದರೆ ಹೆವಿ ಡ್ಯೂಟಿ ತರಿಸು. ಇಷ್ಟೇ ಇದ್ದದ್ದು ನನ್ನ ವಿದ್ಯೆ.

ಗಾಡಿ 2010ರ ಟಾಟಾ ಝೆನಾನ್, ಫೋರ್ ವೀಲ್ ಡ್ರೈವ್, ಡಬಲ್ ಕ್ಯಾಬ್. ಭಟ್ರ ತೋಟ ಆದೂರಿನಿಂದ ಒಳಗೆ. ಮುಖ್ಯರಸ್ತೆ ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ತೋಡು, ಆಮೇಲೆ ಕಡಿದಾದ ಏರು. ಮಳೆಗಾಲದಲ್ಲಿ ಫೋರ್ ವೀಲ್ ಹಾಕದೆ ಆ ಏರು ಹತ್ತುವ ಹಾಗಿಲ್ಲ. ಅಡಿಕೆ, ಕೋಳಿಗೊಬ್ಬರದ ಮೂಟೆ, ಕೆಲವೊಮ್ಮೆ ಮುರಕಲ್ಲು, ಎಲ್ಲದಕ್ಕೂ ಇದೊಂದೇ ಗಾಡಿ. ಭಟ್ರ ದೂರು ಸರಳ: ಹಿಂದೆ ಕುಣಿಯುತ್ತದೆ, ತಿರುವಿನಲ್ಲಿ ಓಲಾಡುತ್ತದೆ, ಲೋಡ್ ಹಾಕಿದರೆ ತಳಕ್ಕೆ ಬಡಿಯುತ್ತದೆ. ಬಗ್ಗಿ ನೋಡಿದರೆ ಎರಡೂ ಶಾಕಿನ ಮೈಯಲ್ಲಿ ಆಯಿಲ್ ಇಳಿದು, ಅದರ ಮೇಲೆ ಕೆಂಪು ಮಣ್ಣು ಮೆತ್ತಿ ಒಣಗಿತ್ತು. ಬರೀ ತೇವದ ಪಸೆ ಇದ್ದರೆ ಹೆದರಬೇಕಾಗಿಲ್ಲ, ರಾಡ್ ಒಳಹೊರಗೆ ಆಡುವಾಗ ಸೀಲಿನ ಮೇಲೆ ಅಷ್ಟು ಆಯಿಲ್ ಬಂದೇ ಬರುತ್ತದೆ. ಇದು ಹಾಗಲ್ಲ, ಧಾರೆ ಇಳಿದ ಗುರುತು. ಶಾಕ್ ಸತ್ತಿದೆ ಅನ್ನುವುದರಲ್ಲಿ ಸಂಶಯ ಇರಲಿಲ್ಲ.

ನಾನು ಮಂಗಳೂರಿನಿಂದ ತರಿಸಿದ್ದು ಮಾನೋ ಟ್ಯೂಬಿನ, ಅಂದರೆ ಒಂದೇ ಕೊಳವೆಯ, ಹೆವಿ ಡ್ಯೂಟಿ, ಆ ಅಂಗಡಿಯಲ್ಲಿ ಇದ್ದದ್ದರಲ್ಲೇ ಗಟ್ಟಿಯದ್ದು. ಹಾಕಿದ ದಿನ ಗಾಡಿಯ ಹಿಂಭಾಗ ಒಂದು ಬೆರಳಷ್ಟು ಮೇಲೆದ್ದು ನಿಂತಿತು. ಭಟ್ರಿಗೆ ಖುಷಿ, ನನಗೆ ಅವರಿಗಿಂತ ಹೆಚ್ಚು. ಮೋಸ ಹೋದದ್ದು ಅಲ್ಲೇ. ಆ ಬೆರಳಷ್ಟು ಎತ್ತರ ಎಲ್ಲಿಂದ ಬಂತು? ಮಾನೋ ಟ್ಯೂಬಿನ ಒಳಗೆ ನೈಟ್ರೋಜನ್ ಒತ್ತಿ ತುಂಬಿರುತ್ತಾರೆ. 25 ಬಾರ್ ಒತ್ತಡ, 18 ಮಿಲಿಮೀಟರಿನ ರಾಡ್ ಅಂತ ಇಟ್ಟುಕೊಂಡರೆ ರಾಡನ್ನು ಅದು ಸುಮಾರು 65 ಕೆ.ಜಿ. ಬಲದಲ್ಲಿ ಹೊರಗೆ ತಳ್ಳುತ್ತದೆ. ಪ್ಯಾಕಿಂಗಿನ ಪಟ್ಟಿ ಕತ್ತರಿಸಿದ ಕೂಡಲೇ ರಾಡ್ ತಾನೇ ಮೇಲೆ ಬರುವುದು ಅದಕ್ಕೇ. ಎರಡು ಶಾಕ್ ಸೇರಿ ಗಾಡಿಯನ್ನು ತುಸು ಎತ್ತಿದವು. ಲೋಡ್ ಹೊರುವ ಶಕ್ತಿ ಬಂತು ಅಂತ ನಾವಿಬ್ಬರೂ ತಿಳಿದುಕೊಂಡೆವು.

ಲೋಡ್ ಹೊರುವುದು ಪ್ಲೇಟ್, ಅಂದರೆ ಗಾಡಿಯ ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿರುವ ಸ್ಪ್ರಿಂಗ್ ಪಟ್ಟಿಗಳ ಕಟ್ಟು. ಶಾಕಿನ ಕೆಲಸ ಪ್ಲೇಟ್ ಕುಣಿಯದ ಹಾಗೆ ಹಿಡಿಯುವುದು, ಅಷ್ಟೇ. ಪಿಸ್ಟನ್ನಿನ ಸಣ್ಣ ವಾಲ್ವ್‌ಗಳಲ್ಲಿ ಆಯಿಲ್ ಕಷ್ಟಪಟ್ಟು ನುಗ್ಗುವಾಗ ಕುಣಿತ ಬಿಸಿಯಾಗಿ ಹೋಗುತ್ತದೆ. ಇದು ಐಟಿಐಯಲ್ಲಿ ಹೇಳಿಕೊಡುವ ಪಾಠ, ನಾನೂ ಬಾಯಿಪಾಠ ಹೊಡೆದು ಪಾಸಾದವನೇ.

ಬ್ರಾಕೆಟ್ ಮುರಿದದ್ದು ಯಾಕೆ ಅಂತ ತಿಳಿಯಲು ಅರ್ಧ ದಿನ ಗಾಡಿಯ ಅಡಿಯಲ್ಲಿ ಮಲಗಿದೆ. ಮೊದಲು ಪ್ಲೇಟ್ ಕಣ್ಣಿಗೆ ಬಿತ್ತು. ಹದಿನಾಲ್ಕು ವರ್ಷದ ಪ್ಲೇಟ್, ಖಾಲಿ ಗಾಡಿಯಲ್ಲೇ ಹೆಚ್ಚುಕಡಿಮೆ ನೇರ ಆಗಿತ್ತು, ಬಿಲ್ಲಿನ ಬಾಗು ಉಳಿದಿರಲಿಲ್ಲ. ಅಂದರೆ ಆಕ್ಸಲ್, ಹಿಂದಿನ ಎರಡು ಚಕ್ರ ಸೇರಿಸುವ ದಂಡ, ಮೊದಲೇ ಮೇಲೆ ಕೂತಿದೆ, ಶಾಕ್ ಮೊದಲೇ ಅರ್ಧ ಒತ್ತಿಕೊಂಡು ಮುಚ್ಚಿದೆ. ಹೊಸ ಶಾಕನ್ನು ಗಾಡಿಯಿಂದ ಕಳಚಿ ಪೂರ್ತಿ ಒತ್ತಿ ಅಳೆದರೆ, ಮುಚ್ಚಿದ ಉದ್ದ ಹಳೆಯದಕ್ಕಿಂತ 20 ಮಿಲಿಮೀಟರ್ ಹೆಚ್ಚು. ಪೂರ್ತಿ ಎಳೆದಾಗಿನ ಉದ್ದ ನೋಡಿ, ಶಾಕಿನ ಕಣ್ಣಿನ, ಅಂದರೆ ಬೋಲ್ಟು ಹಾಕುವ ತುದಿಯ ಬಳೆಯ, ರಬ್ಬರ್ ಬುಷ್ ಹೊಂದುತ್ತದಾ ನೋಡಿ ಹಾಕಿದ್ದೆನೇ ಹೊರತು ಇದನ್ನು ನೋಡಿರಲಿಲ್ಲ. ಮುರಕಲ್ಲು ಹೇರಿಕೊಂಡು ಹೊಂಡಕ್ಕೆ ಇಳಿದಾಗ ಆಕ್ಸಲ್ ಚಾಸಿಗೆ ಬಡಿಯದ ಹಾಗೆ ತಡೆಯುವ ಬಂಪ್ ರಬ್ಬರಿಗೆ ತಾಗುವ ಮೊದಲೇ ಶಾಕಿನ ಒಳಗೆ ಜಾಗ ಮುಗಿಯುತ್ತಿತ್ತು. ರಬ್ಬರಿನ ಮೇಲೆ ಬೀಳಬೇಕಾದ ಪೆಟ್ಟು ಬ್ರಾಕೆಟ್ಟಿನ ಮೇಲೆ ಬಿತ್ತು.

ಇನ್ನೊಂದು ಸಂಗತಿ ಭಟ್ರ ಮಾತಿನಲ್ಲಿ ಸಿಕ್ಕಿತು. “ಮುಖ್ಯರಸ್ತೆಯಲ್ಲಿ ಅಡ್ಡಿಯಿಲ್ಲ. ತೋಟದ ದಾರಿಯಲ್ಲಿ ಸಾಲು ಹೊಂಡ ಉಂಟಲ್ಲ, ಅಲ್ಲಿ ಮೊದಲ ಎರಡು ಹೊಂಡ ಚಂದ ಹಾರುತ್ತದೆ, ಆಮೇಲೆ ಹಲಗೆಯ ಹಾಗೆ ಆಗುತ್ತದೆ.” ಕೇಳಿದ ಕೂಡಲೇ ನನಗೆ ಹೊಳೆಯಲಿಲ್ಲ, ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಶಾಕಿಗೆ ಎರಡು ಕೆಲಸ: ಒತ್ತುವಾಗ ಹಿಡಿಯುವುದು ಒಂದು, ಪ್ಲೇಟ್ ವಾಪಸ್ ಬಿಚ್ಚಿಕೊಳ್ಳುವಾಗ ಹಿಡಿಯುವುದು ಇನ್ನೊಂದು. ಸಾಧಾರಣವಾಗಿ ಎರಡನೆಯ ಹಿಡಿತವೇ ಹೆಚ್ಚು ಇರುತ್ತದೆ. ಗಟ್ಟಿ ಶಾಕಿನಲ್ಲಿ ಅದು ಇನ್ನೂ ಹೆಚ್ಚು. ಸೋತ ಪ್ಲೇಟಿಗೆ ಆ ಹಿಡಿತವನ್ನು ಮೀರಿ ಬೇಗ ಬಿಚ್ಚಿಕೊಳ್ಳುವ ಬಲ ಇಲ್ಲ. ಮೊದಲ ಹೊಂಡದಲ್ಲಿ ಕುಗ್ಗಿದ್ದು ಪೂರ್ತಿ ಬಿಚ್ಚುವ ಮೊದಲೇ ಎರಡನೆಯದು ಬಂತು, ಎರಡನೆಯದರಲ್ಲಿ ಇನ್ನಷ್ಟು ಕುಗ್ಗಿತು, ಮೂರನೆಯದಕ್ಕೆ ಗಾಡಿ ತಳಕ್ಕೇ ಕೂತಿತು. ಲೋಡ್ ತಡೆಯಲಿ ಅಂತ ಹಾಕಿದ ಶಾಕೇ ಗಾಡಿಯನ್ನು ಕೆಳಗೆ ಎಳೆದು ಹಿಡಿಯುತ್ತಿತ್ತು.

ಪ್ಲೇಟಿಗೆ ಏನು ಮಾಡುವುದು ಅನ್ನುವುದೇ ಮೊದಲ ಪ್ರಶ್ನೆಯಾಯಿತು. ನಮ್ಮ ಕಡೆ ಎಲ್ಲರಿಗೂ ತಿಳಿದಿರುವ ಉಪಾಯ ಒಂದು ಪ್ಲೇಟ್ ಹೆಚ್ಚು ತುರುಕುವುದು. ಹಳೆಯ ಜೀಪುಗಳ ಕಾಲದಿಂದ ಬಂದ ಬುದ್ಧಿ ಅದು. ಜೀಪಿನ ಹಾಗೆ ಆರೇಳು ಪ್ಲೇಟಿನ ಕಟ್ಟಾದರೆ ಒಂದಕ್ಕೊಂದು ಉಜ್ಜಿಕೊಂಡೇ ಕುಣಿತ ಸ್ವಲ್ಪ ನಿಲ್ಲುತ್ತದೆ. ಝೆನಾನಿನದ್ದು ಪ್ಯಾರಾಬೋಲಿಕ್, ಕೆಲವೇ ಪ್ಲೇಟ್, ನಡುವೆ ದಪ್ಪ, ತುದಿಗೆ ಬರುತ್ತ ತೆಳು, ನಡುನಡುವೆ ಸಂದು ಬಿಟ್ಟು ಜೋಡಿಸಿದ್ದು. ಉಜ್ಜಾಟ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಮೆತ್ತಗೆ ಓಡುತ್ತದೆ. ಕುಣಿತ ಹಿಡಿಯುವ ಭಾರ ಬಹುಪಾಲು ಶಾಕಿನ ಮೇಲೆಯೇ. ಇಂಥ ಕಟ್ಟಿಗೆ ಹೊರಗಿನ ಚಪ್ಪಟೆ ಪ್ಲೇಟ್ ಸೇರಿಸಿದರೆ ಅದರ ಗುಣವೇ ಹೋಗುತ್ತದೆ. ಬಡಿದು ಬಾಗಿಸಿ ತಂದದ್ದನ್ನೂ ಹಿಂದೆ ಹಾಕಿ ನೋಡಿದ್ದೇನೆ, ಒಂದು ಮಳೆಗಾಲ ದಾಟುವುದರೊಳಗೆ ಮತ್ತೆ ನೇರ. ಭಟ್ರಿಗೆ ಇದನ್ನೆಲ್ಲ ಹೇಳಿ ಹೊಸ ಸೆಟ್ ತರಿಸಿದೆ. ಬ್ರಾಕೆಟ್ ವೆಲ್ಡಿಂಗ್ ಮತ್ತು ಕೂಲಿ ನನ್ನ ಲೆಕ್ಕಕ್ಕೆ ಹಾಕಿಕೊಂಡೆ. ಅವರು ಬೇಡ ಅನ್ನಲಿಲ್ಲ.

ಹೊಸ ಪ್ಲೇಟ್ ಕೂತ ಮೇಲೆ, ಶಾಕ್ ಇಲ್ಲದೆ, ಟೇಪ್ ಹಿಡಿದು ಅಳೆದೆ. ಗಾಡಿ ನೆಲದ ಮೇಲೆ ಖಾಲಿ ನಿಂತಾಗ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ 470 ಮಿಲಿಮೀಟರ್. ಆಕ್ಸಲಿನಿಂದ ಬಂಪ್ ರಬ್ಬರಿಗೆ ಸಂದು 85. ರಬ್ಬರ್ ಹಿಂಡಿ ಹೋಗುವುದಕ್ಕೆ 25 ಇಟ್ಟೆ. ಉಳಿದದ್ದು 360. ಅದರಲ್ಲಿ ಇನ್ನೊಂದು ಹತ್ತು ಕಳೆದು, ಮುಚ್ಚಿದ ಉದ್ದ 350ಕ್ಕಿಂತ ಹೆಚ್ಚಿರುವ ಶಾಕ್ ಬೇಡ ಅಂತ ಗೋಡೆಯ ಮೇಲೆ ಚಾಕ್‌ನಲ್ಲಿ ಬರೆದೆ. ಶಾಕ್ ಸ್ವಲ್ಪ ವಾಲಿ ನಿಲ್ಲುವುದರಿಂದ ನಿಜವಾಗಿ ಇಷ್ಟು ಮುಚ್ಚುವುದಿಲ್ಲ, ಆ ತಪ್ಪು ನಮಗೆ ಒಳ್ಳೆಯದೇ. ಆಮೇಲೆ ಚಾಸಿಗೆ ಜಾಕ್ ಕೊಟ್ಟು ಎತ್ತಿ ಚಕ್ರ ನೇತಾಡಲು ಬಿಟ್ಟೆ: 572. ಫೋರ್ ವೀಲ್ ಗಾಡಿಗೆ ಈ ಎರಡನೆಯ ಅಳತೆಯೂ ಅಷ್ಟೇ ಮುಖ್ಯ. ತೋಡಿನ ದಂಡೆ ಅಡ್ಡಕ್ಕೆ ಹತ್ತುವಾಗ ಒಂದು ಚಕ್ರ ಮೇಲೆ, ಒಂದು ಕೆಳಗೆ. ಕೆಳಗಿನದು ಮಣ್ಣು ಹುಡುಕಿಕೊಂಡು ಇಳಿಯಬೇಕು. ಶಾಕ್ ಗಿಡ್ಡ ಆದರೆ ಚಕ್ರ ಗಾಳಿಯಲ್ಲೇ ತಿರುಗುತ್ತದೆ, ಇಡೀ ಆಕ್ಸಲಿನ ತೂಕ ಶಾಕಿನ ರಾಡಿಗೆ ಜೋತುಬೀಳುತ್ತದೆ. ಬ್ರೇಕ್ ಹೋಸ್ ಅಷ್ಟು ಕೆಳಗೆ ಎಟಕುತ್ತದಾ ಅಂತ ನೋಡಿಕೊಳ್ಳುವುದೂ ಆಗಲೇ.

ಅಳತೆ ಸಿಕ್ಕಿದ ಮೇಲೆ ಭಟ್ರಿಗೆ ಫೋನ್ ಮಾಡಿ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. “ಭಟ್ರೇ, ವಾರದಲ್ಲಿ ಎಷ್ಟು ದಿನ ಲೋಡ್, ಎಷ್ಟು ದಿನ ಖಾಲಿ?”

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಲೋಡ್ ಅಂತ ಆದರೆ ಎರಡು ದಿನ. ಉಳಿದ ದಿನ ನಾನು ಪೇಟೆಗೆ ಹೋಗುವುದು, ಮಕ್ಕಳನ್ನು ಶಾಲೆಗೆ ಬಿಡುವುದು.”

ಐದು ದಿನ ಮಕ್ಕಳು ಕೂರುವ ಗಾಡಿಗೆ ನಾನು ಕಲ್ಲಿನ ಲಾರಿಯ ಹಾಗಿನ ಶಾಕ್ ಹಾಕಿಕೊಟ್ಟಿದ್ದೆ. ಈ ಸಲ ಟ್ವಿನ್ ಟ್ಯೂಬ್ ತರಿಸಿದೆ, ಒಂದರೊಳಗೆ ಒಂದು ಎರಡು ಕೊಳವೆ ಇರುವುದು, ಕಡಿಮೆ ಒತ್ತಡದ ಗ್ಯಾಸಿನದ್ದು, ಮುಚ್ಚಿದ ಉದ್ದ 345. ಮಾನೋ ಟ್ಯೂಬ್ ಕೆಟ್ಟದು ಅಂತ ಅಲ್ಲ. ಹೊಂಡದ ರಸ್ತೆಯಲ್ಲಿ ಗಂಟೆಗಟ್ಟಲೆ ಓಡುವವರಿಗೆ ಅದೇ ಒಳ್ಳೆಯದು. ಆಯಿಲ್ ಇರುವ ಕೊಳವೆಗೇ ನೇರ ಗಾಳಿ ತಾಗುವುದರಿಂದ ಬೇಗ ತಣಿಯುತ್ತದೆ, ಆಯಿಲ್ ನೊರೆ ಏಳುವುದಿಲ್ಲ. ಆದರೆ ಪಿಸ್ಟನ್ ಓಡಾಡುವ ಕೊಳವೆಯೂ ಅದೇ. ಚಕ್ರ ಎಸೆದ ಕಲ್ಲು ತಾಗಿ ಅದು ಚಪ್ಪಟೆಯಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬಿನ ಹೊರ ಕೊಳವೆ ಸಣ್ಣಪುಟ್ಟ ಪೆಟ್ಟು ತಿಂದರೂ ಒಳಗಿನದು ನಡೆಯುತ್ತದೆ. ಭಟ್ರ ದಾರಿಯಲ್ಲಿ ಕಲ್ಲಿಗೆ ಬರವಿಲ್ಲ.

ಹಾಕುವಾಗಿನ ಎರಡು ಕ್ರಮ ಹೇಳಿಬಿಡುತ್ತೇನೆ. ಟ್ವಿನ್ ಟ್ಯೂಬ್ ಪೆಟ್ಟಿಗೆಯಲ್ಲಿ ಮಲಗಿಯೇ ಬರುತ್ತದೆ, ಗ್ಯಾಸ್ ಒಳಗಿನ ಕೊಳವೆಗೆ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ಐದಾರು ಸಲ ಒತ್ತಿ ಎಳೆಯಬೇಕು. ಮೊದಲ ಎರಡು ಸಲ ನಡುವಿನಲ್ಲಿ ಎಲ್ಲೋ ಕೈ ಪುಸಕ್ಕನೆ ಜಾರಿದ ಹಾಗಾಗುತ್ತದೆ, ನಾಲ್ಕನೆಯ ಸಲಕ್ಕೆ ತುದಿಯಿಂದ ತುದಿಗೆ ಒಂದೇ ಹಿಡಿತ. ಅದು ಬಂದ ಮೇಲೆ ಮಲಗಿಸದೆ ಹಾಗೇ ಹಾಕಬೇಕು. ಇನ್ನೊಂದು, ಕಣ್ಣಿನ ಬೋಲ್ಟು. ನನ್ನ ಹತ್ತಿರ ಇದ್ದ ಹುಡುಗ ಚಕ್ರ ನೇತಾಡುವಾಗಲೇ ಪೂರ್ತಿ ಬಿಗಿ ಮಾಡುತ್ತಿದ್ದ. ಗಾಡಿ ಇಳಿಸಿದಾಗ ರಬ್ಬರ್ ಬುಷ್ ತಿರುಚಿಕೊಂಡೇ ನಿಲ್ಲುತ್ತದೆ, ಮೂರೇ ತಿಂಗಳಲ್ಲಿ ಹರಿದು ಕಟಕಟ ಅನ್ನುತ್ತದೆ. ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟು, ಗಾಡಿ ನೆಲಕ್ಕೆ ಇಳಿಸಿ, ಭಾರ ಕೂತ ಮೇಲೆ ಪಾನ ಹಾಕಿ ಬಿಗಿ ಮಾಡಬೇಕು.

ಆದೂರಿನವರೆಗೆ ಹೋಗಿ ಬಂದು, ಬಗ್ಗಿ ಎರಡೂ ಶಾಕ್ ಮುಟ್ಟಿ ನೋಡಿದೆ. ಎರಡೂ ಒಂದೇ ಸಮ ಬೆಚ್ಚಗೆ. ಕೆಲಸ ಮಾಡುವ ಶಾಕ್ ಬಿಸಿಯಾಗಲೇಬೇಕು, ಒಂದು ತಣ್ಣಗಿದ್ದರೆ ಅದು ಸತ್ತಿದೆ ಅಂತ ಅರ್ಥ. ಭಟ್ರಿಗೂ ಮುಟ್ಟಿ ನೋಡಿ ಅಂದೆ. ಮುಟ್ಟಿದರು, ಪಂಚೆಗೆ ಕೈ ಒರೆಸಿಕೊಂಡರು, “ಹ್ಞಾಂ, ಜ್ವರ ಉಂಟು” ಅಂದರು.

ಮೊನ್ನೆ ಒಬ್ಬ ಹುಡುಗ ಅದೇ ಮಾಡೆಲಿನ ಗಾಡಿ ತಂದ, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದಂತೆ. ಮುಂದೆ ಎತ್ತರ, ಟಯರ್ ದೊಡ್ಡದು. “ಅಣ್ಣ, ಮುಂದೆ ಹೊಂಡದಲ್ಲಿ ಟಕ್ ಅಂತ ಹೊಡೀತದೆ, ಗಟ್ಟಿ ಶಾಕ್ ಬೇಕು, ಕೆಂಪು ಬಣ್ಣದ್ದು.” ನಾನು ಟೇಪ್ ತೆಗೆದುಕೊಂಡು ಒಳಗೆ ನುಗ್ಗಿದೆ. ಈ ಗಾಡಿಗೆ ಮುಂದೆ ಟಾರ್ಶನ್ ಬಾರ್, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಅದರ ಬೋಲ್ಟು ಯಾರೋ ಕೊನೆಯವರೆಗೆ ತಿರುಗಿಸಿದ್ದರು. ಹಾಗೆ ಮಾಡಿದರೆ ಗಾಡಿ ಎತ್ತರ ಆಗುತ್ತದೆ, ಬಾರ್ ಗಟ್ಟಿ ಆಗುವುದಿಲ್ಲ. ಚಕ್ರ ಕೆಳಗೆ ಇಳಿಯಲು ಇದ್ದ ಜಾಗವನ್ನೆಲ್ಲ ಎತ್ತರವೇ ತಿಂದುಬಿಡುತ್ತದೆ. ಟಕ್ ಅನ್ನುತ್ತಿದ್ದದ್ದು ಪೂರ್ತಿ ಬಿಚ್ಚಿಕೊಂಡು ತುದಿಗೆ ಬಡಿಯುತ್ತಿದ್ದ ಶಾಕ್. ಶಾಕಿಗೆ ಒಂದು ರೋಗವೂ ಇರಲಿಲ್ಲ.

“ಲೋಡ್ ಎಂತದ್ದು ಹಾಕುತ್ತೀ?” ಅಂತ ಅಡಿಯಿಂದಲೇ ಕೇಳಿದೆ.

“ಲೋಡ್ ಎಂತದ್ದೂ ಇಲ್ಲ ಅಣ್ಣ. ನಾನೊಬ್ಬನೇ.”

ಬೋಲ್ಟು ಎಂಟು ಸುತ್ತು ಸಡಿಲಿಸಿ ಇಳಿಸಿದೆ. ಅವನಿಗೆ ಎತ್ತರ ಹೋದದ್ದಕ್ಕೆ ಬೇಜಾರು, ನನಗೆ ಶಾಕ್ ವ್ಯಾಪಾರ ಹೋಯಿತು. ವೀಲ್ ಅಲೈನ್‌ಮೆಂಟ್ ಮಾಡಿಸಿಕೋ ಅಂತ ಹೇಳಿ ಕಾಸರಗೋಡಿಗೆ ಕಳಿಸಿದೆ.