924.6 ಸೆಕೆಂಡಿನ ಗುಡ್ಡ

ಸಿಕ್ಕಿಬಿದ್ದ. ಎರಡು ತಿಂಗಳು ಸತಾಯಿಸಿದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ನಾಚಿಕೆಯ ವಿಷಯ ಏನಂದ್ರೆ ಅವನಿಗೆ ಮನೆಯಲ್ಲಿ ಜಾಗ ಕೊಟ್ಟು ಊಟ ಹಾಕಿ ಸಾಕಿದ್ದು ನಾನೇ.

ಹಿಂದಿನ ಕಂತು ಓದದವರಿಗೆ ಎರಡೇ ಮಾತು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ 11 ಮನೆಯವರು ದಿನಾ ಬೆಳಿಗ್ಗೆ 8:30ಕ್ಕೆ ಮಳೆ ಅಳೆದು ಡೈರಿಯಲ್ಲಿ ಬರೆದಿಡ್ತಾರೆ. ಹವಾಮಾನ ಇಲಾಖೆಯ ಮಳೆದಿನ ಮುಗಿಯೋದೂ ಅದೇ ಹೊತ್ತಿಗೆ. ಆ ಡೈರಿಯನ್ನು ಫೋನಿಗೆ ತರೋಣ, ಜೊತೆಗೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ದಿನ, ಕೊಳೆರೋಗ ಕಂಡ ಮರಗಳ ಲೆಕ್ಕ ಎಲ್ಲ ಸೇರಿಸೋಣ ಅಂತ ಶುರು ಮಾಡಿದ ಆ್ಯಪ್ ಇದು. ಆಫ್‌ಲೈನಲ್ಲಿ ಉಳಿಸೋದು, ಸರದಿ, ಡೇಟಾಬೇಸು ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಮತ್ತೆ ಕೊರೆಯಲ್ಲ.

ತೊಂದರೆ ಹೀಗಿತ್ತು. ಅಪ್ಪ ಜಗಲಿ ಮೇಲೆ ಕೂತು ಮಳೆ ನಮೂದಿಸ್ತಾರೆ. ಪರದೆ ಮೇಲೆ "ಕಳಿಸ್ತಾ ಇದೆ" ಅಂತ ಚಕ್ರ ತಿರುಗುತ್ತೆ. ತಿರುಗುತ್ತೆ. ತಿರುಗ್ತಾನೇ ಇರುತ್ತೆ. ಫೋನಲ್ಲಿ ಮೂರು ಕಡ್ಡಿ ಇದೆ, ವಾಟ್ಸಾಪ್‌ನಲ್ಲಿ ಶುಭೋದಯದ ಗುಲಾಬಿ ಹೂವುಗಳು ಧಾರಾಳವಾಗಿ ಬರ್ತಿವೆ, ನನ್ನ ಆ್ಯಪಿನ 40 ಬೈಟು ಮಾತ್ರ ಹೊರಡಲ್ಲ. ನಾನು ಬೆಂಗಳೂರಿಂದ ಫೋನಲ್ಲಿ, "ಅಪ್ಪ, ಸಿಗ್ನಲ್ ಸರಿ ಇಲ್ಲ, ಸ್ವಲ್ಪ ಎತ್ತರಕ್ಕೆ ಹೋಗಿ ನೋಡು" ಅಂದೆ. ಪಾಪ, ಅಪ್ಪ ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿದ್ರು. ತುದಿ ಮುಟ್ಟೋ ಹೊತ್ತಿಗೆ ಹೋಗಿತ್ತು! ಮರುದಿನವೂ ಹತ್ತಿದ್ರು, ಹೋಯ್ತು. ಅದರ ಮರುದಿನವೂ. "ಗುಡ್ಡದ ಮೇಲೆ ಸಿಗ್ನಲ್ ಪಸ್ಟ್‌ಕ್ಲಾಸ್ ಮಾರಾಯ" ಅಂತ ವರದಿ. ನಾನೂ ಟಿಪ್ಪಣಿ ಪುಸ್ತಕದಲ್ಲಿ "ಕಾರಣ: ಸಿಗ್ನಲ್" ಅಂತ ಬರೆದು ಅಡಿಗೆರೆ ಎಳೆದೆ.

ನಮ್ಮ ಗುಡ್ಡ ಹತ್ತೋಕೆ ಕಾಲು ಗಂಟೆ ಮೇಲೆ ಒಂದೆರಡು ನಿಮಿಷ ಬೇಕು. ಈ ಅಂಕಿ ನೆನಪಿಟ್ಕೊಳ್ಳಿ.

ಬೆಂಗಳೂರಲ್ಲಿ ಇದನ್ನು ಮರುಸೃಷ್ಟಿ ಮಾಡೋಕೆ ನಾನು ಪಟ್ಟ ಪಾಡು ಹೇಳ್ತೀನಿ ಕೇಳಿ. ನೆಟ್‌ವರ್ಕನ್ನು ಬೇಕಂತಲೇ ಕೆಡಿಸೋ ನೆಟ್‌ಎಮ್ ಅನ್ನೋ ಲಿನಕ್ಸ್ ಸಲಕರಣೆ ಹಾಕಿ 800 ಮಿಲಿಸೆಕೆಂಡ್ ವಿಳಂಬ ಕೊಟ್ಟೆ, 5% ಪ್ಯಾಕೆಟ್ ನಷ್ಟ ಕೊಟ್ಟೆ, ಆಮೇಲೆ ಸಿಟ್ಟಲ್ಲಿ 20% ಕೊಟ್ಟೆ. ಆ್ಯಪ್ ಕುಂಟುತ್ತಾ ಆದ್ರೂ ಪ್ರತಿ ಸಲವೂ ಮುಟ್ಟಿಸಿತು. ನಿಜವಾದ ಮೊಬೈಲ್ ನೆಟ್‌ವರ್ಕ್ ಬೇಕು ಅಂತ 4ಜಿ ಡಾಂಗಲ್ ತರಿಸಿದೆ. "ಅನ್‌ಲಾಕ್ಡ್, ಎಲ್ಲ ಸಿಮ್‌ಗೂ ಆಗುತ್ತೆ ಸಾರ್" ಅಂತ ಮಾರಿದ ಪುಣ್ಯಾತ್ಮ ಕಳಿಸಿದ್ದು ಒಂದೇ ಕಂಪನಿಗೆ ಲಾಕ್ ಆಗಿದ್ದ ಡಾಂಗಲ್. ವಾಪಸ್ ಮಾಡ್ತೀನಿ ಅಂದ್ರೆ "ಪ್ಯಾಕ್ ಓಪನ್ ಮಾಡಿದ್ದೀರಲ್ಲ ಸಾರ್" ಅಂತಾನೆ. ಓಪನ್ ಮಾಡದೆ ಲಾಕ್ ಆಗಿದೆ ಅಂತ ಮೂಸಿ ನೋಡಿ ಕಂಡುಹಿಡೀಬೇಕಿತ್ತೇನೋ. ಇದೇ ಅಂಗಡಿಯವನು ಹೋದ ವರ್ಷ 0.2 ಮಿ.ಮೀ. ಟಿಪ್ಪಿಂಗ್ ಬಕೆಟ್ (ಅಷ್ಟು ಮಳೆಗೊಮ್ಮೆ ವಾಲಿ ಎಣಿಸೋ ಮಳೆಮಾಪಕ) ಅಂತ ಕೊಟ್ಟಿದ್ದು ನಾನು ಸಿರಿಂಜಲ್ಲಿ ನೀರು ಬಿಟ್ಟು ಅಳೆದಾಗ 0.3ರ ಆಸುಪಾಸಲ್ಲಿತ್ತು. ಆದ್ರೂ ಮತ್ತೆ ಅವನ ಹತ್ತಿರವೇ ಹೋದೆ. ಬುದ್ಧಿ ಬರೋ ವಯಸ್ಸು ದಾಟಿದೆ ನನಗೆ.

ಇಷ್ಟರ ನಡುವೆ ಇನ್ನೊಂದು ಎಡವಟ್ಟು. ಫೋನಿನ ಬ್ಯಾಟರಿ ಉಳಿತಾಯದ ಭೂತ ಹಿನ್ನೆಲೆಯಲ್ಲಿ ಓಡೋ ನನ್ನ ಆ್ಯಪಿನ ಸರ್ವಿಸನ್ನು ಕೊಲ್ತಾ ಇದೆ, ಅದಕ್ಕೇ ಹೀಗೆ ಅನ್ನೋದು ನನ್ನ ಎರಡನೇ ಸಿದ್ಧಾಂತ. ಅಪ್ಪನ ಕೈಲಿ ಸೆಟ್ಟಿಂಗ್ಸ್ ತೆಗೆಸಿ ಆ ಉಳಿತಾಯವನ್ನು ಪೂರ್ತಿ ಬಂದ್ ಮಾಡಿಸಿದೆ. ಅಲ್ಲಿವರೆಗೆ ವಾರಕ್ಕೆ ಎರಡು ದಿನವಾದ್ರೂ ಜಗಲಿಯಿಂದಲೇ ಹೋಗ್ತಿದ್ದ ಮಳೆ, ಅವತ್ತಿಂದ ಒಂದು ದಿನವೂ ಹೋಗಲಿಲ್ಲ.

ಅಪ್ಪ ಚಕ್ರ ನೋಡಿ ಬೇಸತ್ತು ಮತ್ತೆ ಮತ್ತೆ ಒತ್ತಿದ್ದರಿಂದ 86 ಮಿ.ಮೀ. ಮಳೆ ಮೂರು ಸಲ ದಾಖಲಾಗಿ ಒಂದೇ ದಿನಕ್ಕೆ 258 ಆಯ್ತು. ಕೆಳಗಿನ ಮನೆಯವರು "ನಿಮ್ಮ ತೋಟ ಉಳಿದಿದೆಯಾ?" ಅಂತ ಫೋನ್ ಮಾಡಿದ್ದರು. ಪ್ರತಿ ಒತ್ತಿಗೂ ಹೊಸ ಗುರುತು ಕೊಟ್ಟಿದ್ದು ನನ್ನ ತಪ್ಪು. ಈಗ ಮನೆ ಮತ್ತು ತಾರೀಕು ಸೇರಿ ಒಂದೇ ಗುರುತು, ನೂರು ಸಲ ಒತ್ತಿದರೂ ಒಂದೇ ಮಳೆ.

ಕೊನೆಗೆ ಲಾಗ್ ಬರೆಯೋ ಆವೃತ್ತಿ ಹಾಕಿ, ಸಾಕೆಟ್ಟಿಗೆ, ಅಂದ್ರೆ ಆ್ಯಪ್‌ ನೆಟ್‌ವರ್ಕಿಗೆ ಮಾತಾಡೋ ಕಿಂಡಿಗೆ, ಬರೆದ ಗಳಿಗೆಯಿಂದ ಸರ್ವರ್ ಉತ್ತರ ಬರೋವರೆಗಿನ ಸಮಯ ಹಿಡಿದೆ. ಮೂರು ದಿನದ ಅಂಕಿ: 15 ನಿಮಿಷ 48 ಸೆಕೆಂಡು. 16 ನಿಮಿಷ 36. 17 ನಿಮಿಷ 27. ಸಿಗ್ನಲ್ ಕೆಟ್ಟಿದ್ದಾಗ ಅಂಕಿ ಚೆಲ್ಲಾಪಿಲ್ಲಿ ಇರಬೇಕು. ಒಂದು ದಿನ 4 ಸೆಕೆಂಡು, ಒಂದು ದಿನ 40 ನಿಮಿಷ. ಇದೇನು, ಘಟ್ಟದ ನೆಟ್‌ವರ್ಕಿಗೆ ಇಷ್ಟೊಂದು ಶಿಸ್ತು?

ಆಗ ಹೊಳೆಯಿತು. ಆಂಡ್ರಾಯ್ಡ್ ಒಳಗಿರೋ ಲಿನಕ್ಸ್‌ನ ಟಿಸಿಪಿ ರಿಟ್ರೈಸ್ 2. ಟಿಸಿಪಿ ಅಂದ್ರೆ ಕಳಿಸಿದ್ದು ಮುಟ್ಟಿತಾ ಅಂತ ಖಾತ್ರಿ ಮಾಡ್ಕೊಳ್ಳೋ ಸಾಗಣೆ ನಿಯಮ, ಇದು ಎಷ್ಟು ಸಲ ಮತ್ತೆ ಕಳಿಸಿ ಕೈಬಿಡಬೇಕು ಅನ್ನೋ ಸೆಟ್ಟಿಂಗ್, ಡೀಫಾಲ್ಟ್ ಬೆಲೆ 15. ಕಾಗದ ತಗೊಂಡು ಕೂಡಿದೆ. ಉತ್ತರ ಬಾರದಿದ್ರೆ 0.2 ಸೆಕೆಂಡು ಕಾದು ಮತ್ತೆ ಕಳಿಸು, ಆಮೇಲೆ 0.4, 0.8, 1.6, ಹೀಗೆ ದುಪ್ಪಟ್ಟಾಗುತ್ತಾ ಹತ್ತನೆಯದು 102.4. ಮುಂದಿನದು 204.8 ಆಗಬೇಕು, ಆದ್ರೆ 120ಕ್ಕೆ ಮಿತಿ ಇದೆ. ಮೊದಲ ಹತ್ತು ಸೇರಿ 204.6, ಉಳಿದ ಆರು ಕಾಯುವಿಕೆ 120ರಂತೆ 720. ಒಟ್ಟು 924.6 ಸೆಕೆಂಡು. ಅಂದ್ರೆ 15 ನಿಮಿಷ 24 ಸೆಕೆಂಡು ಚಿಲ್ಲರೆ. ಇದು ಕನಿಷ್ಠ. ಮೊದಲ ಕಾಯುವಿಕೆಯೇ 0.4ರಿಂದ ಶುರುವಾದ್ರೆ 1044.4 ಆಗುತ್ತೆ, ಅದು 17 ನಿಮಿಷ 24 ಸೆಕೆಂಡು. ಆಮೇಲೆ ಆ್ಯಪ್ ಹೊಸ ಸಂಪರ್ಕ ತೆರೆದು ಕಳಿಸಿ ಉತ್ತರ ಪಡೆಯೋ ಕೆಲವು ಸೆಕೆಂಡು ಬಿಟ್ಟರೆ, ನನ್ನ ಮೂರೂ ಅಂಕಿ ಈ ಪೆಟ್ಟಿಗೆಯೊಳಗೆ ಕೈಕಟ್ಟಿ ಕೂತಿದ್ದವು. ಅಪ್ಪನನ್ನು ದಿನಾ ಗುಡ್ಡ ಹತ್ತಿಸಿದ್ದು ಸಿಗ್ನಲ್ ಅಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಸೋಲೊಪ್ಪಿಕೊಳ್ಳೋಕೆ ಬೇಕಾದ ಹೊತ್ತೂ ಅಪ್ಪ ತುದಿ ಮುಟ್ಟೋಕೆ ಬೇಕಾದ ಹೊತ್ತೂ ಒಂದೇ ಆಗಿತ್ತು, ಅಷ್ಟೇ. ಜಗಲಿ ಮೇಲೆ ಕಾಫಿ ಕುಡೀತಾ ಕೂತಿದ್ದರೂ ಹೋಗ್ತಿತ್ತು.

ಹಾಗಾದ್ರೆ ಸತ್ತಿದ್ದು ಏನು? ಸಂಪರ್ಕ. ಸಾಯಿಸಿದ್ದು ಯಾರು? ಮಧ್ಯದಲ್ಲಿ ಕೂತು ಹಲವು ಫೋನುಗಳಿಗೆ ಒಂದೇ ವಿಳಾಸ ಹಂಚೋ ನ್ಯಾಟ್.

ಮೊದಲು ನನ್ನ ಪಾಪ ನಿವೇದನೆ. ವೆಬ್‌ನಲ್ಲಿ ಎಲ್ಲರೂ ಬಳಸೋ ಎಚ್‌ಟಿಟಿಪಿ ಬಿಟ್ಟು, ಟಿಎಲ್‌ಎಸ್ (ಸಂಪರ್ಕಕ್ಕೆ ಹಾಕೋ ಗೂಢಲಿಪಿಯ ಬೀಗ) ಮೇಲೆ ನನ್ನದೇ ಪ್ರೋಟೊಕಾಲ್, ಅಂದ್ರೆ ಮಾತುಕತೆಯ ನಿಯಮ, ಬರೆದಿದ್ದೆ. ಒಂದೇ ಸಂಪರ್ಕ, ಸದಾ ತೆರೆದಿರೋದು, ಎರಡೂ ದಿಕ್ಕಿಗೆ ಹರಿಯೋದು. ಅಕ್ಕಪಕ್ಕದ ಮನೆಯ ಮಳೆ ತಕ್ಷಣ ಪರದೆಗೆ ಬರಬೇಕು ಅನ್ನೋ ಶೋಕಿ. ಅದಕ್ಕೆ ಫೋನಿಗೆ ಸೂಚನೆ ಮುಟ್ಟಿಸೋ ಗೂಗಲ್ ಸೇವೆ ಎಫ್‌ಸಿಎಂ ಇತ್ತಲ್ಲ ಅಂತ ನೀವು ಕೇಳ್ತೀರಿ ಅಂತ ಗೊತ್ತು, ಕೇಳಬೇಡಿ. ಸಾಕೆಟ್ಟಿಗೆ ಓದುವ ಟೈಮ್‌ಔಟ್ ಕೊಟ್ಟಿರಲಿಲ್ಲ, ಜಾವಾದಲ್ಲಿ ಕೊಡದಿದ್ರೆ ಅನಂತಕಾಲ ಕಾಯುತ್ತೆ. ಬರೆಯೋದಂತೂ ತಕ್ಷಣ ಯಶಸ್ವಿ, ಯಾಕಂದ್ರೆ ಬರೆದದ್ದು ಕರ್ನಲ್‌ನ ಬಫರಿಗೆ. ನಮ್ಮೂರ ಕಡೆ ಬಸ್ಸಿನ ಕಂಡಕ್ಟರ್ ಕೈಗೆ ಪೊಟ್ಟಣ ಕೊಟ್ಟು "ಬಸ್ಸಿಗೆ ಹಾಕಿದೀನಿ" ಅಂತ ಫೋನ್ ಮಾಡ್ತಾರಲ್ಲ, ಅಷ್ಟೇ ಅರ್ಥ ಅದಕ್ಕೆ. ಆ ಕಡೆಯವರು ಇಳಿಸ್ಕೊಂಡ್ರಾ ಅನ್ನೋದು ಬೇರೆ ಪ್ರಶ್ನೆ.

ಮೊಬೈಲ್ ಕಂಪನಿಗಳು ಸಾವಿರಾರು ಗಿರಾಕಿಗಳನ್ನು ಕೆಲವೇ ಇಂಟರ್ನೆಟ್ (ಐಪಿವಿ4) ವಿಳಾಸಗಳ ಹಿಂದೆ ಕೂರಿಸಿರ್ತವೆ. ಯಾರ ಸಂಪರ್ಕ ಯಾವುದು ಅನ್ನೋ ಪಟ್ಟಿ ನ್ಯಾಟ್ ಹತ್ತಿರ ಇರುತ್ತೆ. ರಾತ್ರಿಯಿಡೀ ಮಾತಾಡದ ಸಂಪರ್ಕದ ಹೆಸರನ್ನು ಅದು ಪಟ್ಟಿಯಿಂದ ಅಳಿಸುತ್ತೆ. ಫೋನಿಗೂ ಹೇಳಲ್ಲ, ಸರ್ವರಿಗೂ ಹೇಳಲ್ಲ. ಬೆಳಿಗ್ಗೆ ಫೋನು ಹಳೇ ಸಂಪರ್ಕದಲ್ಲೇ ಪ್ಯಾಕೆಟ್ ಕಳಿಸಿದ್ರೆ "ಯಾರಪ್ಪ ನೀನು" ಅಂತ ಕೇಳೋ ಸೌಜನ್ಯವೂ ಇಲ್ಲ, ಸುಮ್ಮನೆ ಬಿಸಾಕುತ್ತೆ. 2008ರ ಆರ್‌ಎಫ್‌ಸಿ 5382 ಅನ್ನೋ ಇಂಟರ್ನೆಟ್ ನಿಯಮಪತ್ರದ ಪ್ರಕಾರ ಸ್ಥಾಪಿತ ಟಿಸಿಪಿ ಸಂಪರ್ಕವನ್ನು ಕನಿಷ್ಠ 2 ಗಂಟೆ 4 ನಿಮಿಷ ನೆನಪಿಟ್ಕೋಬೇಕು. ನನ್ನ ಬೆಂಗಳೂರಿನ ರೌಟರ್ ಓಡೋದು ಲಿನಕ್ಸ್ ಡೀಫಾಲ್ಟ್ ಮೇಲೆ, 432000 ಸೆಕೆಂಡು, ಅಂದ್ರೆ ಪೂರ್ತಿ 5 ದಿನ. ಇಲ್ಲಿ ಕೂತು ನಾನು ಏನು ಪರೀಕ್ಷೆ ಮಾಡಿದ್ರೆ ಏನು ಬಂತು? ನಾನು ಕೃತಕವಾಗಿ ಸೃಷ್ಟಿಸಿದ್ದು ನಿಧಾನದ ನೆಟ್‌ವರ್ಕ್. ಊರಲ್ಲಿದ್ದದ್ದು ಮರೆಗುಳಿ ನೆಟ್‌ವರ್ಕ್. ಸರ್ವಿಸ್ ಸತ್ತ ದಿನ ಹೊಸ ಸಂಪರ್ಕ ಹುಟ್ಟಿ ಕೆಲಸ ಆಗ್ತಿತ್ತು, ಬ್ಯಾಟರಿ ಭೂತವೇ ನಮ್ಮನ್ನು ಕಾಪಾಡ್ತಿದ್ದ ದೈವ. ಅದನ್ನೂ ನಾನೇ ಓಡಿಸಿದ್ದೆ.

ಊರಿಗೆ ಹೋದೆ, ಒಂದು ಭಾನುವಾರ ಪೂರ್ತಿ ಜಗಲಿ ಮೇಲೆ ಕೂತು ಅಳೆದೆ. ಸಂಪರ್ಕ ತೆರೆ, ಇಷ್ಟು ನಿಮಿಷ ಸುಮ್ಮನಿರು, ಒಂದು ಪಿಂಗ್ ಕಳಿಸು, ಬದುಕಿದೆಯಾ ನೋಡು. ಒಂದೊಂದು ಪ್ರಯೋಗಕ್ಕೆ ಅರ್ಧ ಗಂಟೆ, ಮಧ್ಯೆ ಅಮ್ಮನ ಪತ್ರೊಡೆ. ಅಪ್ಪನ ಸಿಮ್‌ನಲ್ಲಿ 28 ನಿಮಿಷಕ್ಕೆ ಬದುಕಿತ್ತು, 32ಕ್ಕೆ ಸತ್ತಿತ್ತು. ಅಮ್ಮನದು ಬೇರೆ ಕಂಪನಿ, ಅಲ್ಲಿ 5 ದಾಟಿ 6ಕ್ಕೆ ಬರೋಷ್ಟರಲ್ಲಿ ಕಥೆ ಮುಗಿದಿತ್ತು. ವಾಪಸ್ ಬೆಂಗಳೂರಿಗೆ ಬಂದು ಐಪಿಟೇಬಲ್ಸ್ ಅನ್ನೋ ಲಿನಕ್ಸ್ ಕಾವಲುಗಾರನಲ್ಲಿ, ತೆರೆದ ಸಂಪರ್ಕದ ಮಧ್ಯೆ ಪ್ಯಾಕೆಟ್ ಸುಮ್ಮನೆ ಬಿಸಾಕೋ ಒಂದೇ ಒಂದು ಡ್ರಾಪ್ ಸಾಲು ಹಾಕಿದೆ. ಮೊದಲ ಪ್ರಯತ್ನಕ್ಕೇ ಚಕ್ರ ಗಿರಗಿರ. ಅಷ್ಟು ಖುಷಿಯಿಂದ ನಾನು ಯಾವ ಬಗ್ಗನ್ನೂ ನೋಡಿರಲಿಲ್ಲ.

ಪರಿಹಾರ ಹುಡುಕೋದ್ರಲ್ಲೂ ಒಂದು ಅಡ್ಡದಾರಿ ಹಿಡಿದೆ. ಸುಮ್ಮನಿರೋ ಸಂಪರ್ಕವನ್ನು ಆಗಾಗ ತಟ್ಟಿ ನೋಡೋ ಕೀಪ್‌ಅಲೈವ್ ಹಾಕಿದ್ರಾಯ್ತಲ್ಲ? ಲಿನಕ್ಸ್ ಡೀಫಾಲ್ಟ್ 7200 ಸೆಕೆಂಡು, ಎರಡು ಗಂಟೆ, ಅಷ್ಟರಲ್ಲಿ ಹೆಣದ ತಿಥಿಯೂ ಮುಗಿದಿರುತ್ತೆ. ನಾನೇ 4 ನಿಮಿಷಕ್ಕೊಮ್ಮೆ ಪಿಂಗ್ ಕಳಿಸಿದ್ರೆ ದಿನಕ್ಕೆ 360 ಸಲ. ಪ್ರತಿ ಸಲ ರೇಡಿಯೋ ಎದ್ದು, ಕೆಲಸ ಮುಗಿದ ಮೇಲೂ ಸುಮಾರು 10 ಸೆಕೆಂಡು ಎಚ್ಚರವಾಗೇ ಇರುತ್ತೆ ಅಂತಿಟ್ಕೊಳ್ಳಿ, ದಿನಕ್ಕೆ ಒಂದು ಗಂಟೆ ರೇಡಿಯೋ ಸುಮ್ಮಸುಮ್ಮನೆ ಉರೀತು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಲ್ಲಿ ಆ ಬ್ಯಾಟರಿ ಕದಿಯೋಕೆ ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಹೆಮ್ಮೆ ನುಂಗಿದೆ. ಸದಾ ತೆರೆದ ಸಂಪರ್ಕ ಕಿತ್ತು ಹಾಕಿದೆ. ಕಳಿಸೋದಿದ್ರೆ ತೆರೆ, ಕಳಿಸು, ಸರ್ವರ್ ಬಾಯಲ್ಲಿ "ಮುಟ್ಟಿತು" ಅನ್ನಿಸ್ಕೋ, ಮುಚ್ಚು. 8 ಸೆಕೆಂಡಲ್ಲಿ ಆ ಮಾತು ಬರದಿದ್ರೆ ಆ ಸಾಕೆಟ್ಟನ್ನು ನಂಬಬೇಡ, ಎಸೆದು ಹೊಸದು ತೆರೆ. ನೆರೆಮನೆಯ ಮಳೆಗೆ ಎಫ್‌ಸಿಎಂ "ಏನೋ ಬಂದಿದೆ" ಅಂತ ಭುಜ ತಟ್ಟಿದ್ರೆ ಸಾಕು, ಆ್ಯಪ್ ಹೋಗಿ ತರುತ್ತೆ. ಟಿಸಿಪಿ ಕೈಕುಲುಕೋಕೆ ಒಂದು ಸುತ್ತು, ಟಿಎಲ್‌ಎಸ್ 1.3ಗೆ ಒಂದು, ನನ್ನ ಮಾತಿಗೆ ಒಂದು. ಫೋನು 2ಜಿಗೆ ಬಿದ್ದು ಒಂದು ಸುತ್ತಿಗೆ 700 ಮಿಲಿಸೆಕೆಂಡು ತಗೊಂಡ್ರೂ ಎರಡು ಸೆಕೆಂಡು ಚಿಲ್ಲರೆಗೆ ಮುಗೀತು.

ಟಿಸಿಪಿ ಬದಲು ಯುಡಿಪಿ ಅನ್ನೋ ಸರಳ ಸಾಗಣೆ ಮೇಲೆ ಓಡೋ ಕ್ವಿಕ್ ಪ್ರೋಟೊಕಾಲ್ ಬಳಸೋ ಚಪಲ ಬಂದಿತ್ತು, ಸುಳ್ಳು ಹೇಳಲ್ಲ. ಅಲ್ಲಿ ಸಂಪರ್ಕಕ್ಕೆ ವಿಳಾಸ ಬಿಟ್ಟು ಬೇರೆಯೇ ಗುರುತಿನ ಸಂಖ್ಯೆ ಇರುತ್ತೆ, ನ್ಯಾಟ್ ಮರೆತು ಹೊಸ ಪೋರ್ಟ್ ಕೊಟ್ಟರೂ ಸರ್ವರ್ ಗುರುತು ಹಿಡಿಯುತ್ತೆ. ಆದ್ರೆ ಯುಡಿಪಿಯನ್ನು ತಡೆಯೋ ಜಾಗಗಳಿಗೆ ಟಿಸಿಪಿಯನ್ನೂ ಜೊತೆಗೆ ಇಟ್ಕೋಬೇಕು. ದಿನಕ್ಕೊಂದು ಅಂಕಿ ಕಳಿಸೋಕೆ ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಕೊಳೆ ಹಿಡಿದ ಗೊನೆಗಳ ಫೋಟೋ ಶುರುವಾದಾಗ ನೋಡೋಣ.

ಅದಕ್ಕೂ ಮೊದಲು ಮುಂದಿನ ಹುಚ್ಚು: ಅಳೆಯೋ ಕೆಲಸವನ್ನೇ ಯಂತ್ರಕ್ಕೆ ಕೊಡೋದು. ತೋಟದಲ್ಲಿ ಬಕೆಟ್, 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಬ್ಯಾಟರಿಯಲ್ಲೇ ದೂರ ಮುಟ್ಟೋ ಲೋರಾ ರೇಡಿಯೋ, ಆ ತರಂಗಪಟ್ಟಿಗೆ ಲೈಸೆನ್ಸ್ ಬೇಡ. ಬಕೆಟ್ ಈ ಸಲ ಬೇರೆ ಅಂಗಡಿಯಿಂದ, ದೇವರಾಣೆ. ಲೋರಾ ಸಂದೇಶ ಹಿಡಿದು ಇಂಟರ್ನೆಟ್ಟಿಗೆ ದಾಟಿಸೋ ಗೇಟ್‌ವೇಗೆ ಎತ್ತರದ ಜಾಗ ಬೇಕಿತ್ತು, ಸರ್ವೆ ಮಾಡೋಕೆ ಒಂದು ವಾರಾಂತ್ಯ ಬೇಕು ಅಂದುಕೊಂಡಿದ್ದೆ. ಅಪ್ಪ ಊಟದ ಎಲೆ ಮೇಲೆ ಬೆರಳಲ್ಲಿ ಗುಡ್ಡದ ನಕ್ಷೆ ಗೀಚಿದ್ರು. ಎರಡು ತಿಂಗಳು ದಿನಾ ಹತ್ತಿ ಇಳಿದವರಿಗೆ ಯಾವ ಬಂಡೆ ಮೇಲೆ ನಿಂತ್ರೆ ಎಷ್ಟು ಕಡ್ಡಿ, ಯಾವ ನೇರಳೆ ಮರದ ಮರೆಗೆ ಬಂದ್ರೆ ಒಂದೂ ಇಲ್ಲ ಅನ್ನೋದು ಬಾಯಿಪಾಠ.