ಶಾಲೆ ಬಿಟ್ಟ ಕಾರಣ

ತುಮಕೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಎಸ್‌ಡಿಎ. ಊರಿನವರ ಬಾಯಲ್ಲಿ ಕ್ಲರ್ಕು. ಸಂಬಳದ ಬಿಲ್ಲು, ಟಿಸಿ, ಸ್ಕಾಲರ್‌ಶಿಪ್ಪು, ಮಕ್ಕಳ ವಿವರ ಆನ್‌ಲೈನ್‌ಗೆ ಏರಿಸುವ ಸ್ಯಾಟ್ಸ್ ಎಂಟ್ರಿ, ಇಷ್ಟೇ ನನ್ನ ಲೋಕ. 2023ರ ಜೂನ್‌ಗೆ ನಮ್ಮ ಶಾಲೆಗೆ 50 ತುಂಬಿತು. ಸುವರ್ಣ ಮಹೋತ್ಸವ ಮಾಡೋಣ ಅಂತ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ತೀರ್ಮಾನವಾಯಿತು. ಹಳೇ ವಿದ್ಯಾರ್ಥಿಗಳ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು. "ಎರಡು ದಿನದ ಕೆಲಸ ಮೇಡಂ" ಅಂತ ಎಚ್‌ಎಂಗೆ ಜಂಬದಿಂದಲೇ ಹೇಳಿದ್ದೆ.

ನಾನು ಮಾಡಿದ್ದೇನು ಅಂದರೆ, ವರ್ಷವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಳೆಗಳನ್ನು ತೆಗೆದು ಪಾಸಾದವರ ಹೆಸರು ಟೈಪ್ ಮಾಡಿಸಿದೆ. ಸುಲಭದ ದಾರಿ. ಪಾಸಾದವರ ವಿಳಾಸವೂ ಬೇಗ ಸಿಗುತ್ತೆ. ಬೆಂಗಳೂರಲ್ಲಿ ಇಂಜಿನಿಯರ್, ತಾಲ್ಲೂಕು ಆಫೀಸಲ್ಲಿ ಕೆಲಸ, ಮಿಲಿಟರಿ, ಹೀಗೆ ಎಲ್ಲೋ ಒಂದು ಕಡೆ ಇರುತ್ತಾರಲ್ಲ. ತಪ್ಪಿದ್ದರೆ ಹೇಳಲಿ ಅಂತ ಪ್ರಿಂಟ್ ತೆಗೆದು ಆಫೀಸಿನ ಬಾಗಿಲ ಪಕ್ಕ ಅಂಟಿಸಿದೆ.

ಹೈಸ್ಕೂಲಿಗೆ ಬಿಸಿಯೂಟ ಬಂದ 2007ರಿಂದಲೂ ನಮ್ಮಲ್ಲಿ ಅಡುಗೆ ಮಾಡುತ್ತಿರುವ ಅಕ್ಕ ಒಬ್ಬರಿದ್ದಾರೆ. ಅಕ್ಕಿ, ಬೇಳೆ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಲು ಬಂದವರು ಆ ಪಟ್ಟಿಯ ಮುಂದೆ ನಿಂತರು. ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಂದೊಂದೇ ಹೆಸರ ಮೇಲೆ ಇಟ್ಟು ನೋಡಿದರು.

"ಸಾರ್, ತೊಂಬತ್ತೈದರ ಬ್ಯಾಚಲ್ಲಿ ನನ್ನ ಹೆಸ್ರಿಲ್ವಲ್ಲ?"

"ಅಕ್ಕಾ, ಅದು ಪಾಸಾದವರ ಪಟ್ಟಿ."

"ಓ, ಹಂಗಾ" ಅಂದರು. ಸಹಿ ಹಾಕಿ ಹೋದರು. ಅಷ್ಟೇ. ಜಗಳ ಆಡಿದ್ದರೆ ನಾನೂ ಏನಾದರೂ ಸಮಜಾಯಿಷಿ ಕೊಟ್ಟು ಮರೆತುಬಿಡುತ್ತಿದ್ದೆನೋ ಏನೋ. ಈ ಅಕ್ಕ ನಮ್ಮ ಶಾಲೆಯಲ್ಲಿ ಓದಿದವರು ಅಂತಲೇ ನನಗೆ ಗೊತ್ತಿರಲಿಲ್ಲ. ದಿನಾ ಅವರ ಕೈ ಸಾರು ಉಣ್ಣುತ್ತೇನೆ.

ಮಾರನೇ ದಿನ ಬೀರುವಿನಿಂದ ಹಳೇ ದಾಖಲಾತಿ ರಿಜಿಸ್ಟರ್‌ಗಳನ್ನು ಇಳಿಸಿದೆ. ಮೊದಲನೆಯದರ ಬೆನ್ನಿನ ಬಟ್ಟೆ ಕಿತ್ತುಹೋಗಿತ್ತು. ಮೊದಲ ಪುಟದಲ್ಲಿ ಅಚ್ಚಾಗಿದ್ದ ಹೆಸರು 'ಮೈಸೂರು ರಾಜ್ಯ'. ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ, ನಮ್ಮ ಶಾಲೆ ಶುರುವಾಗಿದ್ದು ಅದೇ ವರ್ಷದ ಜೂನ್‌ನಲ್ಲಿ. ಯಾರೋ ನೀಲಿ ಶಾಯಿಯಲ್ಲಿ 'ಮೈಸೂರು' ಹೊಡೆದುಹಾಕಿ ಮೇಲೆ ದುಂಡಗೆ 'ಕರ್ನಾಟಕ' ಅಂತ ಬರೆದಿದ್ದರು. ಇನ್ನೊಂದು ತಮಾಷೆ ಅಂದರೆ ಹುಟ್ಟಿದ ದಿನದ ಕಲಂ. ಪುಟ ತಿರುವಿದಷ್ಟೂ ಜೂನ್ 1 ಹುಟ್ಟಿದವರೇ. ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಪ್ರೈಮರಿ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಅದು.

ಆಮೇಲೆ ಕಣ್ಣು ಹೋಗಿದ್ದು ಕೊನೆಯ ಕಲಂಗೆ. 'ಶಾಲೆ ಬಿಟ್ಟ ಕಾರಣ'. ಹತ್ತು ಮುಗಿಸಿದವರ ಮುಂದೆ 'ವ್ಯಾಸಂಗ ಪೂರ್ಣ'. ಉಳಿದವರ ಮುಂದೆ 'ದೀರ್ಘ ಗೈರುಹಾಜರಿ', 'ಪೋಷಕರ ಇಚ್ಛೆ', 'ಮನೆ ಕೆಲಸ', ಕೆಲವು ಕಡೆ ಬರೀ ಒಂದು ಗೆರೆ. ಎಂಟಕ್ಕೆ ಸೇರಿ ಒಂಬತ್ತಕ್ಕೇ ಬಿಟ್ಟವರು, ಹತ್ತು ಬರೆದು ಗಣಿತದಲ್ಲಿ ಡುಮ್ಕಿ ಹೊಡೆದು ಮತ್ತೆ ಈ ಕಡೆ ಬರದವರು, ಇವರ್ಯಾರೂ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಶುರುವಿನ ವರ್ಷಗಳಲ್ಲಂತೂ ಪಟ್ಟಿಯಲ್ಲಿ ಇದ್ದವರಿಗಿಂತ ಇಲ್ಲದವರೇ ಜಾಸ್ತಿ.

ನಮ್ಮ ಬೋರ್‌ವೆಲ್ ಮೋಟರ್ ಸುಟ್ಟಾಗಲೆಲ್ಲ ಬಂದು ರಿವೈಂಡಿಂಗ್ ಮಾಡಿಕೊಡುವವರೊಬ್ಬರಿದ್ದಾರೆ. ತಾಮ್ರದ ತಂತಿಯ ದುಡ್ಡು ಬಿಟ್ಟು ಕೂಲಿ ಅಂತ ಒಂದು ರೂಪಾಯಿ ಮುಟ್ಟಿಲ್ಲ. ಯಾಕೆ ಅಂತ ನಾವೂ ಕೇಳಿರಲಿಲ್ಲ. ರಿಜಿಸ್ಟರ್‌ನಲ್ಲಿ ಸಿಕ್ಕರು. 1986ರ ದಾಖಲಾತಿ, ಎಂಟನೇ ಕ್ಲಾಸಿಗೇ ಬಿಟ್ಟಿದ್ದಾರೆ.

ಎಚ್‌ಎಂ ಮೇಡಂಗೆ ತೋರಿಸಿದೆ. ಪಟ್ಟಿಯನ್ನು ಪಾಸಾದ ವರ್ಷದ ಮೇಲಲ್ಲ, ಸೇರಿದ ವರ್ಷದ ಮೇಲೆ ಮಾಡೋಣ ಅಂದರು. ಆಗ ಬ್ಯಾಚು ಒಡೆಯಲ್ಲ. ಪಾಸು, ಫೇಲು, ಈಗಿನ ಹುದ್ದೆ, ಇದ್ಯಾವುದಕ್ಕೂ ಕಲಂ ಬೇಡ. ಸಮಿತಿಯಲ್ಲಿ ಒಬ್ಬರು, "ಓದು ಬಿಟ್ಟವರನ್ನ ಕರೆದರೆ ಅವರಿಗೇ ಮುಜುಗರ" ಅಂದರು. ಆ ಮಾತನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ. ಅದಕ್ಕೇ ಯಾರನ್ನೂ ವೇದಿಕೆಗೆ ಹತ್ತಿಸುವುದು ಬೇಡ, ಎಲ್ಲರೂ ಅವರವರ ಹಳೇ ಕೋಣೆಯಲ್ಲಿ ಬೆಂಚಿನ ಮೇಲೆ ಕೂರಲಿ ಅಂತಾಯಿತು.

ಇಲ್ಲಿ ನಾನು ಇನ್ನೊಂದು ಎಡವಟ್ಟು ಮಾಡೋದರಲ್ಲಿದ್ದೆ. ಹುಡುಕಲು ಬೇಗ ಆಗಲಿ ಅಂತ ರಿಜಿಸ್ಟರ್ ಪುಟಗಳ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಲು ಹೊರಟಿದ್ದೆ. ಮೇಡಂ ಚೆನ್ನಾಗಿ ಬೈದರು. "ಅದರಲ್ಲಿ ಜಾತಿ ಇದೆ, ಬಿಟ್ಟ ಕಾರಣ ಇದೆ. ಊರಿಗೆಲ್ಲ ಹಂಚ್ತೀರೇನ್ರೀ?" ಹೆಸರು, ಊರು, ಸೇರಿದ ವರ್ಷ ಮಾತ್ರ ಕೈಯಲ್ಲಿ ಬರೆದುಕೊಂಡೆ. ಎರಡು ದಿನದ ಕೆಲಸ ಐದು ತಿಂಗಳು ಹಿಡಿಯಿತು.

ಗಂಡಸರನ್ನು ಹುಡುಕೋದು ಕಷ್ಟವಲ್ಲ. ಊರಿಗೊಬ್ಬರನ್ನು ಹಿಡಿದರೆ ಸಾಕು, ತೆಂಗಿನಕಾಯಿ ಮಂಡಿಯಲ್ಲೋ ಟೀ ಅಂಗಡಿಯಲ್ಲೋ ಸುದ್ದಿ ಮುಟ್ಟುತ್ತೆ. ಹೆಣ್ಣುಮಕ್ಕಳದ್ದೇ ಪೇಚಾಟ. ಮದುವೆಯಾಗಿ ಬೇರೆ ಊರು, ಕೆಲವರಿಗೆ ಗಂಡನ ಮನೆಯಲ್ಲಿ ಇಟ್ಟ ಬೇರೆ ಹೆಸರು. ಎಲ್ಲಿಗೆ ಕೊಟ್ಟಿದ್ದಾರೆ ಅಂತ ತವರಲ್ಲಿ ಅಣ್ಣನನ್ನು ಕೇಳಿದರೆ, "ನಿಮಗ್ಯಾಕೆ ಸಾರ್?" ಅಂತ ಅನುಮಾನದಿಂದ ನೋಡೋರು. ಆಮೇಲೆ ಅಡುಗೆ ಅಕ್ಕನೇ ದಾರಿ ತೋರಿಸಿದರು. ದೀಪಾವಳಿಗೆ ತವರಿಗೆ ಬಂದೇ ಬರ್ತಾರೆ, ಅವತ್ತು ಹೋಗಿ ಅಂದರು. ಹೋದೆ. ಮೂರು ದಿನದಲ್ಲಿ ಸಿಕ್ಕಷ್ಟು ಹೆಣ್ಣುಮಕ್ಕಳು ಅದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಸಿಕ್ಕಿರಲಿಲ್ಲ.

ಕಾರ್ಯಕ್ರಮ ಜನವರಿಯಲ್ಲಿ ಆಯಿತು. ಭಾಷಣಗಳ ಬಗ್ಗೆ ಹೇಳೋಕೆ ಏನಿಲ್ಲ, ಎಲ್ಲ ಕಡೆ ಇದ್ದಂಗೇ, ಉದ್ದ. ಊಟಕ್ಕೆ ಮುಂಚೆ 1992ರಲ್ಲಿ ಸೇರಿದವರ ಕೋಣೆಯಲ್ಲಿ ಹಾಜರಿ ಕರೆದರು. ಅಡುಗೆ ಅಕ್ಕ ಅಲ್ಲಿರಲಿಲ್ಲ, ಒಲೆ ಮುಂದೆ ಇದ್ದರು. ಎದೆಯ ಮೇಲೆ ಬ್ಯಾಡ್ಜು ಮಾತ್ರ ಇತ್ತು, ಪಿನ್ನು ಚುಚ್ಚಿ ಸೀರೆ ಹಾಳಾಗುತ್ತೆ ಅಂತ ದಾರ ಹಾಕಿ ಕಟ್ಟಿಕೊಂಡಿದ್ದರು. ಕೋಣೆಯಿಂದ ಏಳೆಂಟು ಹೆಂಗಸರು ಎದ್ದು ಅಡುಗೆಮನೆಗೇ ಹೋದರು. ಅಲ್ಲಿಂದ ಬಂದ ನಗುವಿನ ಸದ್ದು ನನ್ನ ಆಫೀಸಿಗೆ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಕ್ಕ ಬಾಗಿಲಲ್ಲಿ ನಿಂತರು. "ಸಾರ್, ಆ ಬುಕ್ಕಲ್ಲಿ ನಂದು ಒಂದ್ಸಲ ತೋರಿಸ್ತೀರಾ?"

ಅವರದ್ದೇ ಸಾಲು, ಬೇರೆಯವರದ್ದು ಕಾಣದಂತೆ ಹಾಳೆ ಮುಚ್ಚಿ ತೋರಿಸಿದೆ. ಹೆಸರು ತೆಗೆದ ದಿನಾಂಕ 1994ರ ಫೆಬ್ರವರಿ. ಕಾರಣ: 'ತಂದೆಯವರ ಅನಾರೋಗ್ಯ'. ನಿಧಾನಕ್ಕೆ ಅಕ್ಷರ ಕೂಡಿಸಿ ಓದಿದರು.

"ಅಪ್ಪಂಗೇನಾಗಿತ್ತು? ಗುಂಡುಕಲ್ಲಿನಂಗಿದ್ರು. ನಂಗೆ ಮದ್ವೆ ಮಾಡಿದ್ರಲ್ಲ ಸಾರ್ ಆ ವರ್ಷ."

ಹೆಣ್ಣಿನ ಮದುವೆಗೆ 18 ಆಗಿರಬೇಕು ಅಂತ 1978ರಲ್ಲೇ ಕಾನೂನಾಗಿತ್ತು. ಹದಿನೈದರ ಹುಡುಗಿಯ ಮುಂದೆ ಆಗಿನ ಗುಮಾಸ್ತ ಇನ್ನೇನು ಬರೆಯುತ್ತಿದ್ದನೋ. ಅವನ ಕುರ್ಚಿಯಲ್ಲೇ ನಾನು ಕೂತಿದ್ದೇನೆ. ಆ ಕಲಂ ತಿದ್ದುವ ಅಧಿಕಾರ ನನಗಿಲ್ಲ.

ಪಕ್ಕದ ಕಲಂನಲ್ಲಿ ಟಿಸಿ ನಂಬರ್ ಖಾಲಿ ಇತ್ತು. ಮೂವತ್ತು ವರ್ಷದಿಂದ ಯಾರೂ ಕೇಳಿ ತೆಗೆದುಕೊಂಡಿಲ್ಲ.

"ಟಿಸಿ ಬರೆದುಕೊಡ್ಲಾ ಅಕ್ಕಾ? ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟೋದಾದ್ರೆ ಬೇಕಾಗುತ್ತೆ."

"ಬರೀರಿ ಸಾರ್, ಆಮೇಲೆ ಬಂದು ಇಸ್ಕೊಂತೀನಿ. ಫಸ್ಟು ಪಂಕ್ತಿ ಕೂತವ್ರೆ" ಅಂತ ಸೌಟು ಹಿಡಿದೇ ಓಡಿದರು.